26ಕ್ಕೆ 26 ವೋಟು ಬಂದರೂ ಮಸೂದೆ ಬಿತ್ತು: ಕಲಬುರಗಿಯ ಕ್ಲಾಸಿನಲ್ಲಿ ಸಂಸತ್ತು ನಡೆಸಿದ ನನ್ನ ಅನುಭವ

ನಮ್ಮ ಕಾಲೇಜಿನ ಮಕ್ಕಳ ಫೈಲಿನಲ್ಲಿ ಒಂದು ಕಾಗದ ಇದ್ದೇ ಇರುತ್ತದೆ, 371(ಜೆ) ಅರ್ಹತಾ ಪತ್ರ. ಸಂವಿಧಾನದ ಆ ವಿಧಿಯ ಪ್ರಕಾರ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಸೀಟು, ನೌಕರಿಯಲ್ಲಿ ಇರುವ ಮೀಸಲು ಪಡೆಯಲು ಬೇಕಾದ ಕಾಗದ. ಅಪ್ಪನ ಜೊತೆ ಎಸಿ (ಸಹಾಯಕ ಆಯುಕ್ತರ) ಆಫೀಸಿಗೆ ಎರಡು ಮೂರು ಸಲ ಓಡಾಡಿ ಮಾಡಿಸಿಕೊಂಡದ್ದು. ಹತ್ತು ಜೆರಾಕ್ಸ್ ತೆಗೆಸಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜೋಪಾನ ಮಾಡಿರುತ್ತಾರೆ. ನಾನು ಕಲಬುರಗಿಯ ಒಂದು ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಸಂಸತ್ತಿನ ಪಾಠ ಶುರುವಾದ ದಿನ ಆ ಕಾಗದ ಹಿಡಿದು ಕೇಳಿದೆ, "ಇದು ಎಲ್ಲಿಂದ ಬಂತು?"

"ಎಸಿ ಆಫೀಸಿನಿಂದ್ರಿ ಮೇಡಂ" ಅಂದ ಒಬ್ಬ. "ಖರ್ಗೆ ಸಾಹೇಬ್ರು ತಂದಾರ್ರಿ" ಅಂದಳು ಇನ್ನೊಬ್ಬಳು. ಆ ವಿಧಿ ಬಂದಾಗ ಮಲ್ಲಿಕಾರ್ಜುನ ಖರ್ಗೆ ಕಲಬುರಗಿಯಿಂದ, ಧರ್ಮಸಿಂಗ್ ಬೀದರಿನಿಂದ ಲೋಕಸಭೆಯಲ್ಲಿದ್ದರು. ಅವರ ಪ್ರಯತ್ನ ಚಿಕ್ಕದಲ್ಲ. ಅದಕ್ಕೂ ಎಷ್ಟೋ ವರ್ಷ ಮೊದಲಿನಿಂದ ವೈಜನಾಥ ಪಾಟೀಲರಂಥವರು ಬೀದಿಯಲ್ಲಿ ಹೋರಾಡಿದ್ದರು. ಆದರೆ ಒಬ್ಬ ನಾಯಕ ಮನಸ್ಸು ಮಾಡಿದ ಕೂಡಲೇ ಸಂವಿಧಾನಕ್ಕೆ ಒಂದು ವಿಧಿ ಸೇರಿಬಿಡುತ್ತದಾ? ಯಾರ್ಯಾರು ಒಪ್ಪಬೇಕು, ಎಷ್ಟು ಜನ ಒಪ್ಪಬೇಕು, ಯಾರು ಬೇಡ ಅಂದರೆ ಅಲ್ಲಿಗೇ ನಿಲ್ಲುತ್ತದೆ? ಇದು ಒಬ್ಬರಿಗೂ ಗೊತ್ತಿರಲಿಲ್ಲ. ಬೋರ್ಡಿನ ಮೇಲೆ ಬರೆದು ಕಲಿಸುವುದಕ್ಕಿಂತ 371(ಜೆ) ತಂದ ಮಸೂದೆಯನ್ನೇ ಮಕ್ಕಳ ಕೈಯಲ್ಲಿ ಪಾಸು ಮಾಡಿಸೋಣ ಅಂದುಕೊಂಡೆ.

ಅಣಕು ಸಂಸತ್ತು ಅಂದರೆ ನಮ್ಮ ಕಡೆ ಭಾಷಣ ಸ್ಪರ್ಧೆಯ ಹಾಗೆ ಆಗಿಬಿಡುತ್ತದೆ. ಯಾರು ಜೋರಾಗಿ ಮಾತಾಡಿದರೋ ಅವರಿಗೆ ಪ್ರೈಜು. ನನಗೆ ಅದು ಬೇಡವಾಗಿತ್ತು. ಲೆಕ್ಕ ಸರಿಯಾಗಿರಬೇಕು, ನಿಯಮ ಸರಿಯಾಗಿರಬೇಕು, ಸೋತರೆ ನಿಜವಾಗಲೂ ಸೋಲಬೇಕು. ಅದಕ್ಕೆ ಬಿಎ ಮೂರೂ ವರ್ಷದ ಮಕ್ಕಳನ್ನು ಸೇರಿಸಿದೆ, ಒಟ್ಟು 80 ಜನ. ಲೋಕಸಭೆಯಲ್ಲಿ 543 ಸೀಟು ಇವೆ, ನಮ್ಮಲ್ಲಿ ಅದರ ಹತ್ತನೇ ಒಂದು ಭಾಗ, 54. ರಾಜ್ಯಸಭೆಯಲ್ಲಿ ಈಗ 245 ಸೀಟು, ನಮ್ಮಲ್ಲಿ 24. ರಾಜ್ಯಸಭೆಯ ಸಭಾಪತಿ ಉಪರಾಷ್ಟ್ರಪತಿ, ಅವರು ಆ ಸದನದ ಸದಸ್ಯರಲ್ಲ, ಹಾಗಾಗಿ ಆ ಹುಡುಗ ಬೇರೆ. ಕೊನೆಗೆ ಉಳಿದ ಒಬ್ಬಳು ರಾಷ್ಟ್ರಪತಿ.

ಕ್ಷೇತ್ರ ಹಂಚುವಾಗಲೇ ಮೊದಲ ಪಾಠ ಆಯಿತು. "ನಿಮ್ಮ ಎಂಪಿ ಯಾರು?" ಅಂತ ಕೇಳಿದರೆ ಆಳಂದದ ಮಕ್ಕಳು ಕಲಬುರಗಿ ಎಂಪಿಯ ಹೆಸರು ಹೇಳಿದರು. ಆಳಂದ, ಚಿಂಚೋಳಿ ಎರಡೂ ಕಲಬುರಗಿ ಜಿಲ್ಲೆಯವು, ಆದರೆ ಲೋಕಸಭೆಗೆ ಬೀದರ್ ಕ್ಷೇತ್ರಕ್ಕೆ ಸೇರುತ್ತವೆ. ಯಾದಗಿರಿ ಜಿಲ್ಲೆಗೆ ತನ್ನದೇ ಹೆಸರಿನ ಲೋಕಸಭಾ ಕ್ಷೇತ್ರವೇ ಇಲ್ಲ. ಸುರಪುರ, ಶಹಾಪುರ, ಯಾದಗಿರಿ ಹೋಗುವುದು ರಾಯಚೂರಿಗೆ, ಗುರುಮಠಕಲ್ ಮಾತ್ರ ಕಲಬುರಗಿಗೆ. ಒಬ್ಬ ಹುಡುಗ ಇದನ್ನು ಕೇಳಿ ಸುಮ್ನೆ ಕೂತುಬಿಟ್ಟ. ಅವರ ಊರಿನವರು ರೈಲ್ವೆ ಗೇಟಿನ ಬಗ್ಗೆ ಎರಡು ಸಲ ಅರ್ಜಿ ಕೊಟ್ಟಿದ್ದರಂತೆ, ಎರಡನ್ನೂ ಬೇರೆ ಕ್ಷೇತ್ರದ ಎಂಪಿಗೆ.

ಮೊದಲ ದಿನ 11 ಗಂಟೆಗೆ ಪ್ರಶ್ನೋತ್ತರ ವೇಳೆ. ಲೋಕಸಭೆಯಲ್ಲಿ ಇದು ದಿನದ ಮೊದಲ ಗಂಟೆ. ಚುಕ್ಕೆ ಗುರುತಿನ ಪ್ರಶ್ನೆ ದಿನಕ್ಕೆ 20, ಅವಕ್ಕೆ ಮಂತ್ರಿ ಎದ್ದು ನಿಂತು ಉತ್ತರ ಕೊಡಬೇಕು, ಉಪಪ್ರಶ್ನೆಯನ್ನೂ ಎದುರಿಸಬೇಕು. ಚುಕ್ಕೆ ಇಲ್ಲದವಕ್ಕೆ ಬರಹದಲ್ಲಿ ಉತ್ತರ. ಮಕ್ಕಳಿಗೆ ಒಂದು ವಾರ ಮೊದಲೇ ಪ್ರಶ್ನೆ ಬರೆದು ಕೊಡಲು ಹೇಳಿದ್ದೆ. ಬಂದವುಗಳಲ್ಲಿ ಅರ್ಧಕ್ಕರ್ಧ ಸ್ಪೀಕರ್ ಟೇಬಲ್ಲಿನಲ್ಲೇ ಬಿದ್ದುಹೋದವು! ಊರಿನ ರಸ್ತೆ, ಪಂಚಾಯಿತಿಯ ನೀರು, ಕಾಲೇಜಿನ ಲೆಕ್ಚರರ್ ಖಾಲಿ ಹುದ್ದೆ. ಇವೆಲ್ಲ ರಾಜ್ಯದ ಕೆಲಸ, ಕೇಂದ್ರ ಮಂತ್ರಿ ಉತ್ತರ ಕೊಡಬೇಕಾದದ್ದಲ್ಲ. ಸ್ಪೀಕರ್ ಆಗಿದ್ದ ಹುಡುಗಿ ಒಂದೊಂದನ್ನೇ ಓದಿ ಕಾರಣ ಹೇಳಿ ವಾಪಸ್ ಕೊಟ್ಟಳು.

ತೊಗರಿಯ ಪ್ರಶ್ನೆ ಮಾತ್ರ ಚೆನ್ನಾಗಿ ಬೆಳೆಯಿತು. ತೊಗರಿ ನಮ್ಮ ಜಿಲ್ಲೆಯ ಜೀವ, 2019ರಲ್ಲಿ ಭೌಗೋಳಿಕ ಗುರುತಿನ ಟ್ಯಾಗ್ ಕೂಡ ಬಂದಿದೆ. ಜೇವರ್ಗಿಯ ಹುಡುಗನೊಬ್ಬ ರೈತರ ಮನೆಯವನು. "ಕೃಷಿ ರಾಜ್ಯಪಟ್ಟಿಯಲ್ಲಿ ಐತಿ ಅಂತೀರಿ, ಮತ್ತ ಬೆಂಬಲ ಬೆಲೆ ದಿಲ್ಲಿಯಾಗ ಯಾಕ್ ನಿಗದಿ ಆಗ್ತದ? ಹೊರಗಿನ ತೊಗರಿ ಬಂದು ನಮ್ಮ ರೇಟ್ ಬಿದ್ರ ಯಾರ್ನ ಕೇಳಬೇಕ್ರಿ?" ಅಂದ. ಆಮದು, ರಫ್ತು ಕೇಂದ್ರಪಟ್ಟಿಯ ವಿಷಯ. ಬೆಂಬಲ ಬೆಲೆ ಘೋಷಿಸುವುದೂ ಕೇಂದ್ರವೇ. ಬೆಳೆ, ಜಮೀನು ರಾಜ್ಯದ್ದು. ಹಾಗಾಗಿ ಒಂದೇ ತೊಗರಿ ಚೀಲಕ್ಕೆ ಎರಡು ಸರ್ಕಾರದ ಕೈ ತಾಗಿರುತ್ತದೆ. ವಾಣಿಜ್ಯ ಮಂತ್ರಿ ಆಗಿದ್ದ ಹುಡುಗ ತಯಾರಿ ಮಾಡಿರಲಿಲ್ಲ. ಮೂರನೇ ಉಪಪ್ರಶ್ನೆಗೆ ಬೆವರು ಒರೆಸಿಕೊಂಡ. ಆಡಳಿತ ಪಕ್ಷದ ಹುಡುಗಿಯೊಬ್ಬಳೇ ಎದ್ದು ನಾಲ್ಕನೆಯದನ್ನು ಕೇಳಿದಳು. ತನ್ನ ಪಕ್ಷದ ಮಂತ್ರಿಯನ್ನೇ ಕೇಳಬಹುದಾ ಅಂತ ಎಲ್ಲರಿಗೂ ಅನುಮಾನ. ಆಗ ಫಿರೋಜ್ ಗಾಂಧಿಯವರ ಕಥೆ ಹೇಳಿದೆ. ಎಲ್‌ಐಸಿ ದುಡ್ಡು ಉದ್ಯಮಿ ಮುಂಧ್ರಾ ಅವರ ಕಂಪನಿಗಳಿಗೆ ಹೋದ ವಿಷಯವನ್ನು 1957ರಲ್ಲಿ ಸದನದಲ್ಲಿ ಎತ್ತಿದವರು ಅವರು. ಕಾಂಗ್ರೆಸ್ ಸದಸ್ಯರು, ಪ್ರಧಾನಿ ನೆಹರೂ ಅವರ ಅಳಿಯ. ಆ ಪ್ರಕರಣದಲ್ಲಿ 1958ರಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ಮಧ್ಯಾಹ್ನ ಮಸೂದೆ ಮಂಡನೆ ಆಯಿತು. ನಿಜವಾದದ್ದು 2012ರ ಸೆಪ್ಟೆಂಬರ್‌ನಲ್ಲಿ ಲೋಕಸಭೆಗೆ ಬಂದಾಗ ಅದರ ಹೆಸರು 118ನೇ ತಿದ್ದುಪಡಿ ಮಸೂದೆ, ಪಾಸಾಗಿ ಕಾಯ್ದೆ ಆದಾಗ 98ನೇ ತಿದ್ದುಪಡಿ. ಮಕ್ಕಳು ಇಪ್ಪತ್ತು ಎಲ್ಲಿ ಹೋಯಿತು ಅಂತ ಕೇಳಿದರು. ಮಂಡನೆಯಾದ ಎಲ್ಲ ಮಸೂದೆಯೂ ದಡ ಸೇರುವುದಿಲ್ಲ, ಸೇರಿದವಕ್ಕೆ ಮಾತ್ರ ಸಾಲಿನ ನಂಬರು ಸಿಗುತ್ತದೆ.

ಅದು ಸೀದಾ ಮತಕ್ಕೆ ಹೋಗಲಿಲ್ಲ, ಗೃಹ ಇಲಾಖೆಯ ಸ್ಥಾಯಿ ಸಮಿತಿಗೆ ಹೋಯಿತು. ಇಂಥ ಸಮಿತಿಗಳು ಈಗ 24 ಇವೆ. ಪ್ರತಿಯೊಂದರಲ್ಲಿ 31 ಜನ, 21 ಲೋಕಸಭೆಯವರು, 10 ರಾಜ್ಯಸಭೆಯವರು. ಟಿವಿ ಕ್ಯಾಮೆರಾ ಇಲ್ಲದ ಜಾಗ. ನಾವೂ ಲೈಬ್ರರಿಯ ಹಿಂದಿನ ರೂಮಿನಲ್ಲಿ 9 ಜನರ ಸಮಿತಿ ಕೂರಿಸಿದೆವು. ಸಾಕ್ಷಿಯಾಗಿ 371 ಹೋರಾಟದಲ್ಲಿದ್ದ ಒಬ್ಬ ನಿವೃತ್ತ ಮೇಷ್ಟ್ರನ್ನು ಕರೆದೆ. ಸದನದಲ್ಲಿ ಒಬ್ಬರ ಮೇಲೊಬ್ಬರು ಕೂಗುತ್ತಿದ್ದ ಅದೇ ಮಕ್ಕಳು ಅಲ್ಲಿ ಪಕ್ಷ ಮರೆತು ಒಟ್ಟಿಗೆ ಕೂತು ನೋಟ್ಸ್ ಮಾಡಿಕೊಂಡರು. ನನ್ನ ಪ್ರಕಾರ ಸಂಸತ್ತಿನ ನಿಜವಾದ ಕೆಲಸ ಜಾಸ್ತಿ ನಡೆಯುವುದು ಇಂಥ ರೂಮುಗಳಲ್ಲೇ. ಸಮಿತಿ ಹೇಳಿದ್ದನ್ನು ಸರ್ಕಾರ ಒಪ್ಪಲೇಬೇಕು ಅಂತಿಲ್ಲ, ಅದು ಬೇರೆ ಮಾತು. ಮಸೂದೆಗಳನ್ನು ಸಮಿತಿಗೆ ಕಳಿಸದೆ ಅವಸರದಲ್ಲಿ ಪಾಸು ಮಾಡಿದಾಗ ನನಗೆ ಬೇಜಾರಾಗುವುದು ಅದಕ್ಕೇ.

ಎರಡನೇ ದಿನ ಚರ್ಚೆ ಉದ್ದವಾಯಿತು. ಭಾಷೆಯ ಮೇಲೆ ರಾಜ್ಯಗಳನ್ನು ವಿಂಗಡಿಸಿದ 1956ರ ಮಾತು ಬಂತು. ರಾಜ್ಯಗಳ ಗಡಿ ಬದಲಿಸುವ ಅಧಿಕಾರ 3ನೇ ವಿಧಿಯಲ್ಲಿ ಸಂಸತ್ತಿನ ಕೈಯಲ್ಲೇ ಇದೆ, ರಾಜ್ಯದ ಅಭಿಪ್ರಾಯ ಕೇಳಬೇಕು ಅಷ್ಟೇ, ಅದು ಒಪ್ಪಲೇಬೇಕೆಂದಿಲ್ಲ. ಹೈದರಾಬಾದ್ ರಾಜ್ಯ ಮೂರು ಪಾಲಾಗಿ ಕಲಬುರಗಿ, ಬೀದರ್, ರಾಯಚೂರು ಮೈಸೂರು ರಾಜ್ಯಕ್ಕೆ ಬಂದದ್ದು ಹಾಗೆ. ಬೀದರ್ ಜಿಲ್ಲೆಯೇ ಹರಿದು ಉದಗೀರ್ ಮರಾಠಿ ಕಡೆಗೆ, ಜಹೀರಾಬಾದ್ ತೆಲುಗು ಕಡೆಗೆ ಹೋಯಿತು. ಭಾಲ್ಕಿಯ ಹುಡುಗಿ ತನ್ನ ಅಜ್ಜಿಯ ತವರು ಉದಗೀರ್ ಅಂತ ಹೇಳುತ್ತಾ ಇಡೀ ಹತ್ತು ನಿಮಿಷ ಮಾತಾಡಿದಳು. ನಾನು ಸ್ಪೀಕರ್‌ಗೆ ಗಂಟೆ ಬಾರಿಸಬೇಡ ಅಂತ ಸನ್ನೆ ಮಾಡಿದೆ.

ಇದರಿಂದಲೇ ಹೊತ್ತು ಮೀರಿತು. ನಾಲ್ಕೂವರೆ ಆಗುತ್ತಿದ್ದ ಹಾಗೆ ಹಿಂದಿನ ಬೆಂಚಿನಿಂದ ಒಬ್ಬೊಬ್ಬರೇ ಬ್ಯಾಗ್ ಹೆಗಲಿಗೆ ಹಾಕಿಕೊಂಡರು. "ಮೇಡಂ, ನಮ್ಮೂರ ಬಸ್ ಹೋಗ್ತದ್ರಿ, ಅದ್ ಬಿಟ್ರ ಮತ್ತ ರಾತ್ರಿಗೇ." ಅಫಜಲಪುರದ ಕಡೆಯವರು, ಚಿತ್ತಾಪುರದ ಕಡೆಯವರು ಹೋದರು. ಮತಕ್ಕೆ ಹಾಕುವಾಗ ಸ್ಪೀಕರ್ ಬಿಟ್ಟು ಉಳಿದದ್ದು 26 ಜನ. ಕೋರಂಗೆ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿಗೆ, ಏನೂ ತೊಂದರೆ ಇಲ್ಲ, ಹತ್ತನೇ ಒಂದು ಭಾಗ ಇದ್ದರೆ ಸಾಕು, ಅಂದರೆ ನಮ್ಮಲ್ಲಿ 6. ಅಷ್ಟೂ ಜನ ಕೈ ಎತ್ತಿದರು. ಒಬ್ಬರೂ ವಿರೋಧ ಇಲ್ಲ. ಚಪ್ಪಾಳೆ ಶುರುವಾಯಿತು.

ಸ್ಪೀಕರ್ ಹುಡುಗಿ ಪುಸ್ತಕ ನೋಡಿ, ಇನ್ನೊಮ್ಮೆ ನೋಡಿ, "ಮಸೂದೆ ಬಿದ್ದಿದೆ" ಅಂದಳು.

ಗದ್ದಲ ಎದ್ದಿತು. "ಎಲ್ಲಾರೂ ಹೂಂ ಅಂದೇವಲ್ರಿ, ಮತ್ತ ಹ್ಯಾಂಗ್ ಬಿತ್ರಿ?" ಅವಳು ಹೇಳಿದ್ದು ಸರಿ. ಸಂವಿಧಾನ ತಿದ್ದುವುದಕ್ಕೆ 368ನೇ ವಿಧಿ ಎರಡು ಲೆಕ್ಕ ಕೇಳುತ್ತದೆ. ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ ಒಪ್ಪಬೇಕು. ಅದರ ಜೊತೆ ಸದನದ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಜಾಸ್ತಿ ಜನವೂ ಒಪ್ಪಬೇಕು. ನಮ್ಮ 54ಕ್ಕೆ ಅದು 28, ನಿಜವಾದ ಲೋಕಸಭೆಯಲ್ಲಿ 272. ಸಾಧಾರಣ ಮಸೂದೆ ಆಗಿದ್ದರೆ ಅದೇ 26 ಜನ ಆರಾಮಾಗಿ ಪಾಸು ಮಾಡುತ್ತಿದ್ದರು. ಸಂವಿಧಾನ ತಿದ್ದುವಾಗ ಬರದೇ ಹೋದವನ ಖಾಲಿ ಕುರ್ಚಿ ಹೆಚ್ಚುಕಡಿಮೆ ವಿರೋಧದ ಮತದ ಹಾಗೆಯೇ ಕೆಲಸ ಮಾಡುತ್ತದೆ. ಇದನ್ನು ನಾನು ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಮಕ್ಕಳು ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದಾರೆ. ಅದರ ಅರ್ಥ ಅವರಿಗೂ ನನಗೂ ಮನಸ್ಸಿಗೆ ತಟ್ಟಿದ್ದು ಆ ಸಂಜೆ. ಎರಡೇ ಎರಡು ವೋಟು!

ಮತ್ತೆ ಒಂದು ವಾರ ಬಿಟ್ಟು, ಬೆಳಿಗ್ಗೆ 11ಕ್ಕೆ ಇಟ್ಟುಕೊಂಡೆವು. ಈ ಸಲ ಎರಡೂ ಕಡೆಯ ಸಚೇತಕರು ಹಿಂದಿನ ರಾತ್ರಿ ವಾಟ್ಸಾಪಿನಲ್ಲಿ ವಿಪ್ ಕಳಿಸಿದರು, ಅಂದರೆ ಬಂದು ಹೀಗೇ ವೋಟು ಹಾಕಿ ಅನ್ನುವ ಪಕ್ಷದ ಆದೇಶ. ಅಲ್ಲಿ ಹೊಸ ಜಗಳ ಹುಟ್ಟಿತು. ಆಡಳಿತ ಪಕ್ಷದಲ್ಲಿದ್ದ ಶಹಾಪುರದ ಹುಡುಗಿ ಒಂದು ತಿದ್ದುಪಡಿ ಬರೆದು ತಂದಿದ್ದಳು. ಪ್ರಾದೇಶಿಕ ಅಸಮತೋಲನದ ಬಗ್ಗೆ ವರದಿ ಕೊಟ್ಟ ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 114 ತಾಲ್ಲೂಕು ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಅಂತ ಗುರುತಿಸಿತ್ತು. ಮೀಸಲಾತಿ ಇಡೀ ಪ್ರದೇಶಕ್ಕೆ ಒಂದೇ ಅಂದರೆ ಕಲಬುರಗಿ ಸಿಟಿಯ ಮಕ್ಕಳೇ ಸೀಟು ತಗೋತಾರೆ, ತಾಲ್ಲೂಕು ಲೆಕ್ಕವೂ ಬೇಕು ಅಂತ ಅವಳ ವಾದ. ಒಳ್ಳೆಯ ವಾದ. ಆದರೆ ಪಕ್ಷ ಒಪ್ಪಲಿಲ್ಲ. ವಿಪ್ ಮೀರಿದರೆ ಹತ್ತನೇ ಅನುಸೂಚಿಯ ಪ್ರಕಾರ ಸದಸ್ಯತ್ವ ಹೋಗಬಹುದು. 1985ರಲ್ಲಿ 52ನೇ ತಿದ್ದುಪಡಿಯಿಂದ ಬಂದ ಪಕ್ಷಾಂತರ ನಿಷೇಧ ಕಾಯ್ದೆ ಇದು. ಮತ ಹಾಕದೆ ಕೂತರೂ ಅದೇ ಗತಿ. ಅವಳು ಐದು ನಿಮಿಷ ತನ್ನ ಮಾತು ದಾಖಲೆಗೆ ಹೋಗುವ ಹಾಗೆ ಮಾತಾಡಿ, ಪಕ್ಷ ಹೇಳಿದ ಹಾಗೆ ವೋಟು ಹಾಕಿ, ತಲೆ ತಗ್ಗಿಸಿ ಕೂತಳು.

ಇದನ್ನು ನೋಡಿ ನನಗೆ ಸಂಕಟ ಆಯಿತು. ದುಡ್ಡು, ಪದವಿಗೆ ಪಕ್ಷ ಹಾರುವುದನ್ನು ತಡೆಯಬೇಕು, ಒಪ್ಪುತ್ತೇನೆ. ಸರ್ಕಾರ ಉಳಿಯುವುದೋ ಬೀಳುವುದೋ ಅನ್ನುವ ಮತಕ್ಕೆ ವಿಪ್ ಇರಲಿ. 1999ರಲ್ಲಿ ವಾಜಪೇಯಿ ಸರ್ಕಾರ 269ಕ್ಕೆ 270, ಒಂದೇ ಮತದಲ್ಲಿ ಬಿತ್ತು, ಅಲ್ಲಿ ಪ್ರತಿ ಮತಕ್ಕೂ ಬೆಲೆ ಇದೆ. ಆದರೆ ಒಂದು ಮಸೂದೆಯ ಒಂದು ಸಾಲಿನ ಬಗ್ಗೆ ತನ್ನ ಜನರ ಪರವಾಗಿ ಬೇರೆ ವೋಟು ಹಾಕುವ ಜಾಗ ಎಂಪಿಗೆ ಇರಲೇಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಆ ದಿನ 48 ಜನ ಮತ ಹಾಕಿದರು. ಪರ 44, ವಿರೋಧ 4. ಎರಡೂ ಲೆಕ್ಕ ದಾಟಿತು. ರಾಜ್ಯಸಭೆಯಲ್ಲಿ 21 ಜನರಲ್ಲಿ 19 ಪರ. ಅಲ್ಲಿ ಬಿದ್ದಿದ್ದರೆ ಜಂಟಿ ಅಧಿವೇಶನ ಕರೆಯಬಹುದಿತ್ತಾ ಅಂತ ಒಬ್ಬ ಕೇಳಿದ. ಸಾಧಾರಣ ಮಸೂದೆಗೆ ಕರೆಯಬಹುದು. 1961ರ ವರದಕ್ಷಿಣೆ ನಿಷೇಧ, 1978ರ ಬ್ಯಾಂಕಿಂಗ್ ಸೇವಾ ಆಯೋಗ ರದ್ದತಿ, 2002ರ ಪೋಟಾ (ಭಯೋತ್ಪಾದನೆ ತಡೆ), ಹೀಗೆ ಮೂರೇ ಮಸೂದೆಗೆ ಅದು ನಡೆದಿದೆ. ಸಂವಿಧಾನ ತಿದ್ದುಪಡಿಗೆ ಆ ದಾರಿ ಇಲ್ಲ, ಎರಡೂ ಸದನ ಬೇರೆ ಬೇರೆಯಾಗಿಯೇ ಒಪ್ಪಬೇಕು. ಹಣದ ಮಸೂದೆಯಲ್ಲಿ (ಮನಿ ಬಿಲ್) ಮಾತ್ರ ರಾಜ್ಯಸಭೆ 14 ದಿನ ಇಟ್ಟುಕೊಂಡು ಸಲಹೆ ಕೊಡಬಹುದು ಅಷ್ಟೇ. "ಹಿರಿಯರ ಸದನ ಅಂತೀರಿ, ರೊಕ್ಕದ ಮಾತಿಗೆ ಯಾಕ್ರಿ ಅವರ ಬಾಯಿ ಕಟ್ಟೀರಿ?" ಅಂದಳು ಒಬ್ಬಳು. ತೆರಿಗೆ ಕಟ್ಟುವ ಜನ ನೇರವಾಗಿ ಆರಿಸಿದ ಸದನಕ್ಕೇ ಥೈಲಿ ಕೊಟ್ಟಿದ್ದಾರೆ ಅಂತ ಹೇಳಿದೆ. ಅವಳಿಗೆ ಪೂರ್ತಿ ಒಪ್ಪಿಗೆ ಆಗಲಿಲ್ಲ.

ರಾಷ್ಟ್ರಪತಿ ಹುಡುಗಿ ಸಹಿ ಹಾಕಿದಳು. ತಿದ್ದುಪಡಿ ಮಸೂದೆಗೆ ಅಂಕಿತ ಹಾಕಲೇಬೇಕು ಅಂತ 1971ರಿಂದ ನಿಯಮ ಇದೆ. ಮಕ್ಕಳು ಮುಗಿಯಿತು ಅಂದುಕೊಂಡರು. ಇನ್ನೂ ಇತ್ತು. ನಿಜವಾದ ಮಸೂದೆ 2012ರ ಡಿಸೆಂಬರ್‌ನಲ್ಲಿ ಎರಡೂ ಸದನ ದಾಟಿತು, ಜಾರಿಗೆ ಬಂದದ್ದು 2013ರ ಅಕ್ಟೋಬರ್ 1ರಂದು. ಸಂಸತ್ತು ಬಾಗಿಲು ತೆರೆಯಿತು ಅಷ್ಟೇ. ರಾಷ್ಟ್ರಪತಿಯ ಆದೇಶದಿಂದ ರಾಜ್ಯಪಾಲರಿಗೆ ವಿಶೇಷ ಹೊಣೆ ಬಂತು. ಅಭಿವೃದ್ಧಿ ಮಂಡಳಿ, ಹಣದ ಹಂಚಿಕೆ, ಸೀಟು ಮತ್ತು ನೌಕರಿಯಲ್ಲಿ ಮೀಸಲು. ಇಲ್ಲಿನ ಕಾಲೇಜುಗಳಲ್ಲಿ ನಮ್ಮ ಭಾಗದವರಿಗೆ 70%, ಉಳಿದ ಕಡೆಯ ರಾಜ್ಯಮಟ್ಟದ ಸಂಸ್ಥೆಗಳಲ್ಲಿ 8%. ಸಿ ದರ್ಜೆ ಹುದ್ದೆಗೆ ಇಲ್ಲಿ 80%, ಡಿ ದರ್ಜೆಗೆ 85%. ಕೊನೆಯ ಮೆಟ್ಟಿಲಲ್ಲಿ ಎಸಿ ಆಫೀಸಿನ ಆ ಕಾಗದ. ಮೊದಲ ದಿನ "ಎಸಿ ಆಫೀಸಿನಿಂದ" ಅಂದ ಹುಡುಗನೇ ಈಗ ಬೋರ್ಡಿನ ಮೇಲೆ ದಿಲ್ಲಿಯಿಂದ ಕಲಬುರಗಿವರೆಗೆ ಗೆರೆ ಎಳೆದು ತೋರಿಸಿದ.

ಬೇರೆ ಕಾಲೇಜಿನವರು ಮಾಡುವುದಾದರೆ ನಾನು ಹೇಳುವುದು ಇಷ್ಟು. ನಿಮ್ಮ ಊರಿಗೆ ತಾಗಿದ ಮಸೂದೆಯನ್ನೇ ಆರಿಸಿ. ಆಳಂದ ರಸ್ತೆಯ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯ ಕೂಡ 2009ರ ಸಂಸತ್ ಕಾಯ್ದೆಯಿಂದಲೇ ಹುಟ್ಟಿದ್ದು, ಅದನ್ನೂ ಮಾಡಬಹುದು. ಪ್ರಶ್ನೆಗಳನ್ನು ನೀವು ಬರೆದುಕೊಡಬೇಡಿ, ತಪ್ಪು ಪ್ರಶ್ನೆ ವಾಪಸ್ ಬಂದಾಗಲೇ ಕೇಂದ್ರ ಯಾವುದು ರಾಜ್ಯ ಯಾವುದು ಅಂತ ತಿಳಿಯುತ್ತದೆ. ಸೋಲುವುದಕ್ಕೆ ಬಿಡಿ.

ಈ ವರ್ಷ ನಾವು ಬಜೆಟ್ ತಗೊಂಡಿದ್ದೇವೆ. ಬೇಡಿಕೆಯನ್ನು ಒಂದು ರೂಪಾಯಿಗೆ ಇಳಿಸಿ ಅಂತ ಕಡಿತ ಸೂಚನೆ ತಂದು ಸರ್ಕಾರದ ನೀತಿಯನ್ನೇ ಪ್ರಶ್ನೆ ಮಾಡುವ ಕ್ರಮ ಇದೆಯಲ್ಲ, ಶಹಾಪುರದ ಅದೇ ಹುಡುಗಿ ಈ ಸಲ ವಿರೋಧ ಪಕ್ಷದಲ್ಲಿ ಕೂತು ಅದನ್ನು ತಯಾರು ಮಾಡುತ್ತಿದ್ದಾಳೆ. ಸದಸ್ಯರ ಪಟ್ಟಿಯಲ್ಲಿ ಹೆಸರು, ಕ್ಷೇತ್ರ, ಪಕ್ಷದ ಪಕ್ಕದಲ್ಲಿ ನಾನು ಇನ್ನೊಂದು ಕಾಲಂ ಸೇರಿಸಿದ್ದೇನೆ: ಊರಿಗೆ ಬಸ್ ಎಷ್ಟು ಗಂಟೆಗೆ.