ಮಳೆಯಲ್ಲಿ ಕುದುರೆಮುಖ ಹತ್ತುವವರು ಬ್ಯಾಗಿನ ಬಾಯಿ ಸರಿಯಾಗಿ ಮಡಚಿ
ವಾಟರ್‌ಪ್ರೂಫ್ ಬ್ಯಾಗ್ ಇದೆ ಅಂತ ಸುಮ್ನೆ ನಂಬಿ ಹೊರಡಬೇಡಿ. ಹೋದ ಜುಲೈನಲ್ಲಿ ನನ್ನ ಬ್ಯಾಗಿನ ಬಟ್ಟೆಯಿಂದ ಒಂದು ಹನಿಯೂ ಒಳಗಿಳಿಯಲಿಲ್ಲ. ನೀರು ಬಂದದ್ದು ಬಾಯಿಯಿಂದ. ರೋಲ್ ಮಾಡುವ ಬಾಯನ್ನು ಅವಸರದಲ್ಲಿ ಒಂದೇ ಸುತ್ತು ಮಡಚಿದ್ದೆ. ತಳದಲ್ಲಿದ್ದ ಸ್ವೆಟರ್ ಹಿಂಡಿದರೆ ನೀರು ಸುರಿಯುತ್ತಿತ್ತು.

ಮೊದಲು ಒಳಗಿನ ಗಾಳಿ ಒತ್ತಿ ತೆಗೆಯಿರಿ. ಎರಡೂ ಅಂಚು ಸರಿಯಾಗಿ ಜೋಡಿಸಿ, ಕನಿಷ್ಠ 3 ಸುತ್ತು ಬಿಗಿಯಾಗಿ ಮಡಚಿ, ಆಮೇಲೆ ಬಕಲ್ ಹಾಕಿ. ಕಂಠಮಟ್ಟ ತುಂಬಿದರೆ ಮಡಚಲು ಜಾಗವೇ ಇರುವುದಿಲ್ಲ, ಅಲ್ವಾ? ಒಂದು ಗೇಣು ಖಾಲಿ ಬಿಡಿ.

ಮಾಮೂಲಿ ಬ್ಯಾಗಿಗೆ ರೇನ್ ಕವರ್ ಹಾಕುವವರು ಇನ್ನೂ ಜಾಸ್ತಿ ಎಚ್ಚರವಾಗಿರಬೇಕು. ಬೆನ್ನಿಗೆ ತಾಗುವ ಕಡೆ ಅದು ಮುಚ್ಚುವುದಿಲ್ಲ. ಕುತ್ತಿಗೆಯಿಂದ ಇಳಿದ ನೀರು ಅಲ್ಲಿಂದಲೇ ಒಳಗೆ ಹೋಗುತ್ತದೆ. ಬದಲಿಸುವ ಬಟ್ಟೆ, ಪವರ್ ಬ್ಯಾಂಕ್ ಎಲ್ಲವನ್ನೂ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಯೇ ಇಡಿ.

ತಿಂಡಿ, ಟಾರ್ಚ್, ಇಂಬಳಕ್ಕೆ ಉಪ್ಪು ಹೊರಗಿನ ಜೇಬಿನಲ್ಲಿರಲಿ. ಮಳೆಯಲ್ಲಿ ದೊಡ್ಡ ಬಾಯಿ ಪದೇ ಪದೇ ತೆರೆಯುವುದು ತಪ್ಪುತ್ತದೆ. ಒದ್ದೆ ರೇನ್‌ಕೋಟ್ ಮಾತ್ರ ಒಳಗೆ ತುರುಕಬೇಡಿ. ಹೊರಗಿನ ನೀರನ್ನು ತಡೆಯುವ ಬಟ್ಟೆ ಒಳಗಿನ ತೇವವನ್ನೂ ಹೊರಗೆ ಬಿಡುವುದಿಲ್ಲ.

ಮನೆಗೆ ಬಂದ ಮೇಲೆ ಬ್ಯಾಗನ್ನು ವಾಷಿಂಗ್ ಮಷಿನ್‌ಗೆ ಹಾಕಬೇಡಿ, ಕೋಟಿಂಗ್ ಕಿತ್ತು ಬರುತ್ತದೆ. ಒದ್ದೆ ಬಟ್ಟೆಯಲ್ಲಿ ಕೆಸರು ಒರೆಸಿ, ಬಾಯಿ ತೆರೆದು ನೆರಳಲ್ಲಿ ತಲೆಕೆಳಗಾಗಿ ನೇತುಹಾಕಿ.