ಲಿವೋರ್ನೊ ಬಂದರಿನಿಂದ ಲುಕ್ಕಾ ಮತ್ತು ಪೀಸಾ: ಒಂದು ಹಗಲಿನ ಲೆಕ್ಕಾಚಾರ

ಮೆಡಿಟರೇನಿಯನ್ ಸಮುದ್ರದಲ್ಲಿ ಸಂಚರಿಸುವ ಕ್ರೂಸ್ ಹಡಗುಗಳ ವೇಳಾಪಟ್ಟಿಯಲ್ಲಿ ‘ಫ್ಲಾರೆನ್ಸ್ / ಪೀಸಾ’ ಎಂದು ಮುದ್ರಿಸಿರುವ ದಿನ ಹಡಗು ಆ ಎರಡು ಊರುಗಳಲ್ಲಿ ಯಾವುದಕ್ಕೂ ಹೋಗುವುದಿಲ್ಲ. ಅದು ಲಂಗರು ಹಾಕುವುದು ಇಟಲಿಯ ಟಸ್ಕನಿ ಪ್ರಾಂತದ ಲಿವೋರ್ನೊ ಬಂದರಿನಲ್ಲಿ. ಅಲ್ಲಿಂದ ಫ್ಲಾರೆನ್ಸ್ ಹೆಚ್ಚುಕಡಿಮೆ 90 ಕಿ.ಮೀ. ದೂರದಲ್ಲಿದೆ, ಪೀಸಾ 20 ಕಿ.ಮೀ.ಗೆ ತುಸು ಹೆಚ್ಚು; ಲುಕ್ಕಾ ಸುಮಾರು 45 ಕಿ.ಮೀ. ನಾನು, ನನ್ನ ಹೆಂಡತಿ, ಅವಳ ಅಕ್ಕ ಮತ್ತು ಭಾವ ನಾಲ್ವರೂ ಅರವತ್ತು ದಾಟಿದವರು. ಅಕ್ಕನಿಗೆ ಮಂಡಿನೋವು ಬೇರೆ. ಹಡಗು ಬೆಳಿಗ್ಗೆ 7ಕ್ಕೆ ಬಂದು ಸಂಜೆ 6ಕ್ಕೆ ಹೊರಡುವುದಿತ್ತು, 5.30ರೊಳಗೆ ಎಲ್ಲರೂ ಹಡಗಿನಲ್ಲಿರಬೇಕೆಂಬ ಸೂಚನೆಯಿತ್ತು. ಈ ಅಂಕಿಗಳನ್ನು ಎದುರಿಗಿಟ್ಟುಕೊಂಡು ನಾನು ಆ ದಿನವನ್ನು ಹೇಗೆ ಹೊಂದಿಸಿದೆನೆಂಬುದನ್ನು, ಇಂಥದೇ ಪ್ರವಾಸಕ್ಕೆ ಹೊರಡುವವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಮೊದಲು ಕೈಬಿಟ್ಟದ್ದು ಫ್ಲಾರೆನ್ಸನ್ನು. ಭಾವನವರಿಗೆ ಇದು ಒಪ್ಪಿಗೆಯಾಗಲಿಲ್ಲ; ಇಟಲಿಗೆ ಹೋಗಿ ಫ್ಲಾರೆನ್ಸ್ ನೋಡದೆ ಬರುವುದೆಂದರೆ ಏನು ಎಂದು ಅವರು ಬಹಳ ದಿನ ವಾದಿಸಿದರು. ಆದರೆ ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ, ವಾಹನ ನಿಲ್ಲಿಸಿದ ಜಾಗದಿಂದ ಊರಿನ ನಡುವಿಗೆ ನಡಿಗೆ, ವಸ್ತುಸಂಗ್ರಹಾಲಯದ ಮುಂದಿನ ಸರದಿ, ಇವೆಲ್ಲವನ್ನೂ ಕಳೆದರೆ ಉಳಿಯುವ ಹೊತ್ತಿನಲ್ಲಿ ಆ ಊರಿನ ಹೊರಮೈಯನ್ನಷ್ಟೇ ನೋಡಬಹುದು. ಸಾಲದ್ದಕ್ಕೆ ನಮ್ಮ ಹಡಗು ಬರುವುದು ಸೋಮವಾರ. ಫ್ಲಾರೆನ್ಸಿನ ಉಫೀಜಿ ಕಲಾಸಂಗ್ರಹಾಲಯಕ್ಕೆ ಸೋಮವಾರ ರಜೆ. ಈ ಕೊನೆಯ ಸಂಗತಿ ತಿಳಿದ ಮೇಲೆ ಭಾವನವರು ಸುಮ್ಮನಾದರು.

ಎರಡನೆಯ ಪ್ರಶ್ನೆ, ಹಡಗಿನವರೇ ಮಾರುವ ಪ್ರವಾಸವನ್ನು ಕೊಳ್ಳುವುದೋ, ಸ್ವಂತವಾಗಿ ಗೈಡ್ ಗೊತ್ತುಮಾಡಿಕೊಳ್ಳುವುದೋ ಎಂಬುದು. ಹಡಗಿನ ಪ್ರವಾಸಕ್ಕೆ ಒಂದು ದೊಡ್ಡ ಅನುಕೂಲವಿದೆ: ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಇಲ್ಲವೇ ಮುಂದಿನ ಬಂದರಿಗೆ ಮುಟ್ಟಿಸುವ ಹೊಣೆಯನ್ನು ಅವರೇ ಹೊರುತ್ತಾರೆ. ಸ್ವಂತವಾಗಿ ಹೋದವರಿಗೆ ಆ ಭರವಸೆಯಿಲ್ಲ. ಆದರೆ ನಲವತ್ತು ಐವತ್ತು ಮಂದಿಯ ಗುಂಪಿನಲ್ಲಿ ಮಂಡಿನೋವಿನವರು ಹಿಂದೆ ಬೀಳುತ್ತಾರೆ, ಗುಂಪಿನ ವೇಗ ಯಾರಿಗೂ ಹೊಂದುವುದಿಲ್ಲ. ನಾಲ್ಕು ಜನರಿಗೆ ತಲೆಗಿಷ್ಟು ಎಂದು ಕೊಡುವ ಹಣವನ್ನು ಕೂಡಿಸಿ ನೋಡಿದಾಗ, ಒಂದು ವ್ಯಾನು, ಚಾಲಕ ಮತ್ತು ಪ್ರತ್ಯೇಕ ಗೈಡಿಗೆ ತಗಲುವ ಮೊತ್ತ ಅದಕ್ಕಿಂತ ತೀರಾ ಹೆಚ್ಚೇನೂ ಆಗಿರಲಿಲ್ಲ. ಆರೆಂಟು ಜನರಿದ್ದರೆ ಅಗ್ಗವೇ ಆಗುತ್ತಿತ್ತು.

ಗೈಡನ್ನು ಗೊತ್ತುಮಾಡುವಾಗ ಒಂದು ವಿಷಯವನ್ನು ಸ್ಪಷ್ಟವಾಗಿ ಕೇಳಿಕೊಳ್ಳಬೇಕು. ಇಟಲಿಯಲ್ಲಿ ಸ್ಮಾರಕಗಳ ಬಗ್ಗೆ ವಿವರಿಸುವ ಗೈಡಿಗೆ ಸರ್ಕಾರದ ಪರವಾನಗಿ ಬೇಕು. ಬರೀ ಚಾಲಕನಾದವನು ದಾರಿಯುದ್ದಕ್ಕೂ ಹರಟಬಹುದು, ಆದರೆ ಚರ್ಚಿನೊಳಗೆ ನಿಂತು ವಿವರಣೆ ಕೊಡುವಂತಿಲ್ಲ. ‘ಚಾಲಕ ಮತ್ತು ಗೈಡ್’ ಎಂದು ಅಗ್ಗದ ದರ ಹೇಳುವವರಲ್ಲಿ ಹಲವರು ಊರಿನ ಬಾಗಿಲಲ್ಲಿ ಇಳಿಸಿ, ಎರಡು ಗಂಟೆ ಬಿಟ್ಟು ಬನ್ನಿ ಎನ್ನುವವರು. ನಾನು ಪರವಾನಗಿಯುಳ್ಳ, ಪೀಸಾದಲ್ಲೇ ವಾಸವಾಗಿರುವ ಒಬ್ಬ ಮಹಿಳೆಗೆ ತಿಂಗಳುಗಳ ಮೊದಲೇ ಪತ್ರ ಬರೆದೆ. ನಮ್ಮ ವಯಸ್ಸು, ಮಂಡಿನೋವು, ಸಸ್ಯಾಹಾರ, ಹಡಗಿನ ವೇಳೆ ಇಷ್ಟನ್ನೂ ತಿಳಿಸಿ, ಏನನ್ನು ನೋಡಬೇಕೆಂಬುದಕ್ಕಿಂತ ಏನನ್ನು ಬಿಡಬಹುದೆಂದು ಹೇಳಿರೆಂದು ಕೇಳಿಕೊಂಡೆ. ಅವರು ಬಿಡಬೇಕಾದವುಗಳ ಉದ್ದನೆಯ ಪಟ್ಟಿಯನ್ನೇ ಕಳುಹಿಸಿದರು. ಆಗಲೇ ನನಗೆ ಅವರ ಮೇಲೆ ವಿಶ್ವಾಸ ಬಂದಿತು.

ದಿನದ ಕ್ರಮವನ್ನು ಸೂಚಿಸಿದವರೂ ಅವರೇ. ದೂರದ ಲುಕ್ಕಾ ಮೊದಲು, ಬಂದರಿಗೆ ಹತ್ತಿರದ ಪೀಸಾ ಆಮೇಲೆ. ಬೆಳಿಗ್ಗೆ ಹಡಗಿನ ಬಸ್ಸುಗಳಲ್ಲಿ ಹೆಚ್ಚಿನವು ಪೀಸಾಕ್ಕೇ ನುಗ್ಗುತ್ತವೆ. ಆ ಹೊತ್ತಿಗೆ ಲುಕ್ಕಾ ಇನ್ನೂ ನಿರಾಳವಾಗಿರುತ್ತದೆ. ಸಂಜೆ ಹೆದ್ದಾರಿಯಲ್ಲಿ ಏನಾದರೂ ತೊಂದರೆಯಾದರೂ ಪೀಸಾದಿಂದ ಬಂದರಿಗೆ ಉಳಿದ ದಾರಿ ಚಿಕ್ಕದು, ರೈಲೂ ಇದೆ. ನೀರಾವರಿ ಇಲಾಖೆಯಲ್ಲಿ ಎಂಜಿನಿಯರಾಗಿ ಕೆಲಸ ಮಾಡಿ ನಿವೃತ್ತನಾದ ನನಗೆ ಈ ತರ್ಕ ಕೂಡಲೇ ಹಿಡಿಸಿತು.

ಲಿವೋರ್ನೊ ದುಡಿಯುವ ಬಂದರು. ಕಂಟೇನರುಗಳು, ಕ್ರೇನುಗಳು, ಲಾರಿಗಳ ನಡುವೆ ಪ್ರಯಾಣಿಕರು ನಡೆದುಹೋಗಲು ಬಿಡುವುದಿಲ್ಲ. ಹಡಗಿನಿಂದ ಊರಿನ ನಡುವಿನವರೆಗೆ ಷಟಲ್ ಬಸ್ಸಿನಲ್ಲೇ ಹೋಗಬೇಕು. ಹಡಗಿನ ಪ್ರವಾಸದವರನ್ನು ಮೊದಲು ಇಳಿಸುವುದರಿಂದ ಸ್ವಂತವಾಗಿ ಹೋಗುವವರು ಒಂದು ಗಂಟೆಯನ್ನು ಇದಕ್ಕೇ ತೆಗೆದಿಡುವುದು ಒಳ್ಳೆಯದು. ವ್ಯಾನನ್ನು 8.15ಕ್ಕೆ ಷಟಲ್ ನಿಲ್ದಾಣಕ್ಕೆ ಬರಹೇಳಿದ್ದೆ. ನಮ್ಮ ಪಾಸ್‌ಪೋರ್ಟುಗಳನ್ನು ಹಡಗಿನವರು ತಮ್ಮಲ್ಲೇ ಇಟ್ಟುಕೊಂಡಿದ್ದರಿಂದ ಅವುಗಳ ಮತ್ತು ಷೆಂಗೆನ್ ವೀಸಾದ (ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ವೀಸಾ) ಪ್ರತಿಗಳನ್ನು ಕೈಚೀಲದಲ್ಲಿಟ್ಟುಕೊಂಡೆವು. ಭಾರತೀಯ ಪಾಸ್‌ಪೋರ್ಟಿನವರು ಇನ್ನೊಂದು ವಿಷಯವನ್ನು ಗಮನಿಸಬೇಕು: ಹಡಗು ನಡುವೆ ಟ್ಯುನೀಷಿಯಾದಂಥ ಷೆಂಗೆನ್ ಹೊರಗಿನ ದೇಶಕ್ಕೆ ಹೋಗಿ ಬರುವುದಾದರೆ ಒಂದೇ ಪ್ರವೇಶದ ವೀಸಾ ಸಾಲದು.

ಹಡಗು ಪೀಸಾಕ್ಕೇ ಏಕೆ ಹೋಗುವುದಿಲ್ಲ ಎಂದು ನಾನು ವ್ಯಾನು ಹತ್ತಿದೊಡನೆ ಗೈಡನ್ನು ಕೇಳಿದೆ. ಅದಕ್ಕೆ ದೊರೆತ ಉತ್ತರ ಇಡೀ ದಿನಕ್ಕೆ ದಾರ ಹಿಡಿದುಕೊಟ್ಟಿತು. ಪೀಸಾ ಒಂದು ಕಾಲಕ್ಕೆ ಜಿನೋವಾ, ವೆನಿಸ್‌ಗಳಿಗೆ ಸರಿಸಾಟಿಯಾದ ಸಮುದ್ರಶಕ್ತಿ. 1284ರಲ್ಲಿ ಮೆಲೋರಿಯಾದ ಬಳಿ ನಡೆದ ನೌಕಾಯುದ್ಧದಲ್ಲಿ ಜಿನೋವಾ ಅದನ್ನು ಮುರಿಯಿತು. ಆರ್ನೊ ನದಿ ತಂದು ಸುರಿದ ಹೂಳಿನಿಂದ ಸಮುದ್ರವೂ ಹಿಂದೆ ಸರಿಯುತ್ತ ಹೋಯಿತು. ಇಂದು ಊರಿನಿಂದ ಕಡಲು ಸುಮಾರು 10 ಕಿ.ಮೀ. ದೂರದಲ್ಲಿದೆ. 1406ರಲ್ಲಿ ಪೀಸಾವನ್ನು ಗೆದ್ದ ಫ್ಲಾರೆನ್ಸಿನವರು 1421ರಲ್ಲಿ ಲಿವೋರ್ನೊವನ್ನು ಜಿನೋವಾದಿಂದ ಹಣ ಕೊಟ್ಟು ಕೊಂಡುಕೊಂಡರು. ಮುಂದೆ ಫ್ಲಾರೆನ್ಸನ್ನು ಆಳಿದ ಮೆಡಿಚಿ ಮನೆತನದವರು ಅದನ್ನು ದೊಡ್ಡ ಬಂದರಾಗಿ ಬೆಳೆಸಿದರು. 1590ರ ದಶಕದಲ್ಲಿ ಅದೇ ಮನೆತನದ ಒಂದನೆಯ ಫರ್ಡಿನಾಂಡೊ ಯಹೂದಿಗಳೂ ಸೇರಿದಂತೆ ಎಲ್ಲ ದೇಶದ ವರ್ತಕರಿಗೆ ಅಲ್ಲಿ ನೆಲಸಲು ರಕ್ಷಣೆ ಕೊಡುವ ಶಾಸನಗಳನ್ನು ಹೊರಡಿಸಿದನು. ಹೂಳು ತುಂಬಿದ ಕಾಲುವೆಗಳ ನಡುವೆ ಬದುಕು ಕಳೆದ ನನಗೆ, ಹೂಳಿನಿಂದಾಗಿ ಒಂದು ಊರು ಕಡಲನ್ನೇ ಕಳೆದುಕೊಂಡ ಕಥೆ ಸುಲಭವಾಗಿ ಮನಸ್ಸಿಗೆ ಇಳಿಯಿತು. 1998ರಲ್ಲಿ ಪೀಸಾದ ಸಾನ್ ರೊಸ್ಸೋರೆ ರೈಲು ನಿಲ್ದಾಣದ ಬಳಿ ನೆಲ ಅಗೆಯುವಾಗ ಪ್ರಾಚೀನ ಹಡಗುಗಳೇ ಸಿಕ್ಕಿದವೆಂದೂ, ಈಗ ಅವುಗಳಿಗೆ ಪ್ರತ್ಯೇಕ ಸಂಗ್ರಹಾಲಯವಿದೆಯೆಂದೂ ಅವರು ಹೇಳಿದರು. ಅದು ನಮ್ಮ ‘ಬಿಡಬೇಕಾದ’ ಪಟ್ಟಿಯಲ್ಲಿತ್ತು. ಅದೊಂದಕ್ಕೆ ಮಾತ್ರ ನನಗೆ ಈಗಲೂ ಅಸಮಾಧಾನವಿದೆ.

ಲುಕ್ಕಾದಲ್ಲಿ ವಾಹನಗಳು ಕೋಟೆಯ ಹೊರಗೇ ನಿಲ್ಲಬೇಕು. ಊರನ್ನು ಸುತ್ತುವರಿದ ಈ ಕೋಟೆಗೋಡೆ 4 ಕಿ.ಮೀ.ಗಿಂತ ತುಸು ಉದ್ದ, ಸುಮಾರು 12 ಮೀಟರ್ ಎತ್ತರ. ಗೋಡೆ ಎಂದು ಕರೆದರೂ ಅದು ನಿಜವಾಗಿ ಹೊರಮೈಗೆ ಇಟ್ಟಿಗೆ ಹೊದಿಸಿದ ಮಣ್ಣಿನ ಏರಿ. ಫಿರಂಗಿಯ ಗುಂಡು ಬಡಿದರೆ ಸೀಳದೆ ನುಂಗಿಕೊಳ್ಳಲೆಂದು ಅಷ್ಟು ದಪ್ಪವಾಗಿ, ಹೊರಕ್ಕೆ ಚಾಚಿದ ಕೊತ್ತಲಗಳೊಡನೆ ಕಟ್ಟಿದ್ದು. ಹದಿನಾರನೆಯ ಶತಮಾನದಲ್ಲಿ ಆರಂಭವಾದ ಕೆಲಸ ಹದಿನೇಳನೆಯ ಶತಮಾನದ ನಡುವಿನವರೆಗೂ ನಡೆಯಿತು. ಯಾವ ಮೆಡಿಚಿಗಳಿಗೆ ಹೆದರಿ ಅದನ್ನು ಕಟ್ಟಿದರೋ ಅವರು ಮುತ್ತಿಗೆ ಹಾಕಲೇ ಇಲ್ಲ. ಗೋಡೆ ನಿಜವಾಗಿ ಕೆಲಸಕ್ಕೆ ಬಂದದ್ದು 1812ರಲ್ಲಿ, ಸೆರ್ಕಿಯೊ ನದಿಗೆ ಪ್ರವಾಹ ಬಂದಾಗ: ಬಾಗಿಲುಗಳನ್ನು ಮುಚ್ಚಿ ಊರನ್ನು ಉಳಿಸಿಕೊಂಡರು. ಆಗ ಅಲ್ಲಿ ಆಳುತ್ತಿದ್ದವಳು ನೆಪೋಲಿಯನ್ನನ ತಂಗಿ ಎಲಿಸಾ. ಹೊರಗಿದ್ದ ಅವಳನ್ನು ಕ್ರೇನಿನಿಂದ ಗೋಡೆಯ ಮೇಲಕ್ಕೆತ್ತಿ ಒಳಗಿಳಿಸಿದರೆಂದು ಊರಿನವರು ಹೇಳುತ್ತಾರಂತೆ. ಕಥೆಯ ಸತ್ಯಾಸತ್ಯ ಹೇಗೇ ಇರಲಿ, ಏರಿಯ ಮೇಲೆ ಮರಗಳ ನೆರಳಿನಲ್ಲಿ ನಡೆಯುತ್ತ, ಒಂದು ಬದಿಗೆ ಊರಿನ ಹಿತ್ತಿಲುಗಳನ್ನೂ ಇನ್ನೊಂದು ಬದಿಗೆ ಹುಲ್ಲಿನ ಬಯಲನ್ನೂ ನೋಡುತ್ತ ಅದನ್ನು ಕೇಳುವುದು ಹಿತವಾಗಿತ್ತು. ಗೋಡೆ ಅಗಲವಾಗಿ, ಸಮತಟ್ಟಾಗಿರುವುದರಿಂದ ಅಕ್ಕ ಸಲೀಸಾಗಿ ನಡೆದರು. ಪೂರ್ತಿ ಸುತ್ತು ಹಾಕಲು ಹೋಗದೆ ಎರಡು ಕೊತ್ತಲಗಳ ನಡುವಿನಷ್ಟು ದೂರ ನಡೆದು ಕೆಳಗಿಳಿದೆವು.

ಗೈಡ್ ಇಲ್ಲದಿದ್ದರೆ ಏನನ್ನು ಕಳೆದುಕೊಳ್ಳುತ್ತಿದ್ದೆವೆಂಬುದು ತಿಳಿದದ್ದು ಆಂಫಿಥಿಯೇಟರ್ ಚೌಕದಲ್ಲಿ. ಒಳಗೆ ನಿಂತರೆ ಅದು ಹಳದಿ ಬಣ್ಣದ ಮನೆಗಳಿಂದ ಸುತ್ತುವರಿದ, ಅಂಡಾಕಾರದ ಒಂದು ಚೆಂದದ ಅಂಗಳ, ಅಷ್ಟೆ. ಅವರು ಮೊದಲು ನಮ್ಮನ್ನು ಹೊರಸುತ್ತಿನ ಓಣಿಗೆ ಕರೆದೊಯ್ದು, ಮನೆಗಳ ಹಿಂಗೋಡೆಗಳಲ್ಲಿ ಹುದುಗಿರುವ ರೋಮನ್ ಕಮಾನುಗಳನ್ನೂ ಕಂಬಗಳನ್ನೂ ಒಂದೊಂದಾಗಿ ತೋರಿಸಿದರು. ರೋಮನ್ನರ ಕ್ರೀಡಾಂಗಣ ಪಾಳುಬಿದ್ದ ಮೇಲೆ ಜನರು ಅದರ ಕಲ್ಲುಗಳನ್ನು ಸಾಗಿಸಿದರು, ಉಳಿದ ಗೋಡೆಗಳನ್ನೇ ಆಧರಿಸಿ ಮನೆ ಕಟ್ಟಿಕೊಂಡರು. ಮೂಲ ನೆಲ ಈಗಿನದಕ್ಕಿಂತ ಸುಮಾರು 3 ಮೀಟರ್ ಆಳದಲ್ಲಿದೆ. ಒಳಗಿನ ಅಂಗಳದಲ್ಲೂ ಎದ್ದಿದ್ದ ಕಟ್ಟಡಗಳನ್ನು 1830ರಲ್ಲಿ ತೆಗೆಸಿ, ಹಳೆಯ ಆಕಾರ ಮತ್ತೆ ಕಾಣುವಂತೆ ಮಾಡಿದವನು ಲೊರೆಂಜೊ ನೊಟ್ಟೊಲೀನಿ ಎಂಬ ವಾಸ್ತುಶಿಲ್ಪಿ. ಊರಿಗೆ ಬೆಟ್ಟದ ನೀರು ತರುವ ಕಮಾನುಗಾಲುವೆಯನ್ನು ಕಟ್ಟಿದವನೂ ಅವನೇ ಎಂದು ಕೇಳಿದ ಮೇಲೆ ನನಗೆ ಅವನ ಮೇಲೆ ವೃತ್ತಿಬಾಂಧವ್ಯದ ಅಭಿಮಾನ ಮೂಡಿತು.

ಸಾನ್ ಮಾರ್ತೀನೊ ಕ್ಯಾಥೆಡ್ರಲಿನಲ್ಲಿ ನಾವು ಎರಡನ್ನಷ್ಟೇ ನೋಡಿದೆವು: ಮುಖಮಂಟಪದ ಕಂಬದ ಮೇಲೆ ಕೊರೆದ ಚಕ್ರವ್ಯೂಹ, ಮತ್ತು ಯಾಕೊಪೊ ದೆಲ್ಲಾ ಕ್ವೆರ್ಚಾ ಹದಿನೈದನೆಯ ಶತಮಾನದ ಆರಂಭದಲ್ಲಿ ಕಡೆದ ಇಲಾರಿಯಾ ದೆಲ್ ಕರೆತ್ತೊ ಎಂಬ ಯುವತಿಯ ಸಮಾಧಿ. ಅವಳ ಕಾಲ ಬಳಿ ತಲೆಯೆತ್ತಿ ಕುಳಿತ ನಾಯಿಯ ಮುಂದೆ ನನ್ನ ಹೆಂಡತಿ ಬಹಳ ಹೊತ್ತು ನಿಂತಿದ್ದಳು. ಚರ್ಚುಗಳಿಗೆ ಹೋಗುವಾಗ ಭುಜ, ಮೊಣಕಾಲು ಮುಚ್ಚಿರಬೇಕು. ಸೀರೆ ಉಟ್ಟವರಿಗೆ ಆ ಚಿಂತೆಯಿಲ್ಲ. ನೆತ್ತಿಯ ಮೇಲೆ ಓಕ್ ಮರಗಳು ಬೆಳೆದಿರುವ ಗ್ವಿನೀಜಿ ಗೋಪುರವನ್ನು ಕೆಳಗಿನಿಂದಲೇ ನೋಡಿದೆವು. ಒಂದೇ ದಿನದಲ್ಲಿ ಎರಡು ಗೋಪುರ ಹತ್ತುವ ವಯಸ್ಸು ನಮ್ಮದಲ್ಲ.

ಊಟದ ಬಗ್ಗೆ ನಮ್ಮವರಿಗೆ ಇರುವ ಆತಂಕಕ್ಕೆ ಈ ಪ್ರದೇಶದಲ್ಲಿ ಒಳ್ಳೆಯ ಉತ್ತರವಿದೆ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಇಷ್ಟನ್ನೇ ಕಲಸಿ, ಅಗಲವಾದ ತಟ್ಟೆಯಲ್ಲಿ ತೆಳುವಾಗಿ ಹುಯ್ದು, ಒಲೆಯಲ್ಲಿ ಬೇಯಿಸಿ, ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ ಕೊಡುವ ತಿಂಡಿಗೆ ಪೀಸಾ, ಲುಕ್ಕಾಗಳಲ್ಲಿ ಚೆಚೀನಾ ಎನ್ನುತ್ತಾರೆ. ಲಿವೋರ್ನೊದಲ್ಲಿ ಅದನ್ನೇ ಬ್ರೆಡ್ಡಿನ ನಡುವೆ ಇಟ್ಟು ಕೊಡುತ್ತಾರೆ. ಅದರಲ್ಲಿ ಮೊಟ್ಟೆಯಾಗಲಿ ಹಾಲಾಗಲಿ ಇರುವುದಿಲ್ಲ. ಒಣದ್ರಾಕ್ಷಿ, ಸೋಂಪು ಹಾಕಿದ ಬುಚೆಲ್ಲಾತೊ ಎಂಬ ಲುಕ್ಕಾದ ಸಿಹಿ ಬ್ರೆಡ್ಡಿಗೆ ಕೆಲವರು ಮೊಟ್ಟೆ ಸೇರಿಸುವುದರಿಂದ ಕೇಳಿಯೇ ಕೊಳ್ಳಬೇಕು. ಹೋಟೆಲಿನಲ್ಲಿ ಕುಳಿತು ಉಣ್ಣಲು ಹೊರಟಿದ್ದರೆ ಒಂದೂವರೆ ಗಂಟೆ ಹೋಗುತ್ತಿತ್ತು; ಬಿಸಿ ಚೆಚೀನಾ ಕಟ್ಟಿಸಿಕೊಂಡು 12.30ಕ್ಕೆ ವ್ಯಾನು ಹತ್ತಿದೆವು.

ಪೀಸಾದಲ್ಲಿ ಪ್ರವಾಸಿ ಬಸ್ಸುಗಳು ದೂರದ ನಿಲುಗಡೆಯಲ್ಲಿ ನಿಲ್ಲುತ್ತವೆ, ಅಲ್ಲಿಂದ ಸ್ಮಾರಕಗಳಿಗೆ ಒಂದಷ್ಟು ನಡೆಯಬೇಕು. ಸಣ್ಣ ವ್ಯಾನಿನ ನಮ್ಮನ್ನು ಚಾಲಕರು ಹತ್ತಿರವೇ ಇಳಿಸಿದರು. ಅಲ್ಲಿನ ವಾಲಿದ ಗೋಪುರ ಹತ್ತಲು ಹೊತ್ತು ನಿಗದಿಯಾದ ಟಿಕೆಟ್ ಬೇಕು. ಅದನ್ನು ಊರಲ್ಲಿರುವಾಗಲೇ ಕೊಂಡಿದ್ದೆ. ಚೀಲಗಳನ್ನು ಕೆಳಗೆ ಒಪ್ಪಿಸಿ ಹೋಗಬೇಕು. ಎಂಟು ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ. ಅಕ್ಕ ಮತ್ತು ನನ್ನ ಹೆಂಡತಿಯೊಡನೆ ಗೈಡ್ ಕೆಳಗೇ ಉಳಿದರು. ಭಾವನವರೂ ನಾನೂ ಹತ್ತಿದೆವು.

ಹತ್ತುವ ಮೊದಲು ನಾನು ಕೇಳಿದ್ದು ಅಡಿಪಾಯದ ಬಗ್ಗೆ. 1173ರಲ್ಲಿ ಕಟ್ಟಲು ತೊಡಗಿದಾಗ ಅಡಿಪಾಯ ಹಾಕಿದ್ದು ಸುಮಾರು 3 ಮೀಟರ್ ಆಳಕ್ಕೆ, ಅದೂ ಮೆತ್ತನೆಯ ಹೂಳು ಮತ್ತು ಜೇಡಿಮಣ್ಣಿನ ಮೇಲೆ. ಮೂರು ಅಂತಸ್ತು ಏಳುವಷ್ಟರಲ್ಲಿ ಯುದ್ಧಗಳ ಗಡಿಬಿಡಿಯಲ್ಲಿ ಕೆಲಸ ನಿಂತಿತು, ಸುಮಾರು ನೂರು ವರ್ಷ ನಿಂತೇ ಇತ್ತು. ಆ ಬಿಡುವಿನಲ್ಲಿ ಜೇಡಿಮಣ್ಣು ಭಾರಕ್ಕೆ ನೀರು ಬಿಟ್ಟುಕೊಟ್ಟು ಗಟ್ಟಿಯಾಯಿತು. ಒಂದೇ ಉಸಿರಿನಲ್ಲಿ ಕಟ್ಟಿದ್ದರೆ ಗೋಪುರ ಉರುಳಿಬಿಡುತ್ತಿತ್ತೆಂದು ಮಣ್ಣುಶಾಸ್ತ್ರಜ್ಞರ ಲೆಕ್ಕ. 1272ರಲ್ಲಿ ಮತ್ತೆ ಕೈಹಚ್ಚಿದವರು ವಾಲಿದ ಬದಿಯ ಕಂಬಗಳನ್ನು ತುಸು ಉದ್ದವಾಗಿಸಿ ಸರಿಪಡಿಸಲು ನೋಡಿದ್ದರಿಂದ ಗೋಪುರ ವಾಲಿರುವುದರ ಜೊತೆಗೆ ಸ್ವಲ್ಪ ಬಾಗಿಯೂ ಇದೆ. 1990ರಲ್ಲಿ ಪ್ರವೇಶ ನಿಲ್ಲಿಸಿ, ಮೊದಲು ಏರಿದ್ದ ಉತ್ತರ ಬದಿಯಲ್ಲಿ ನೂರಾರು ಟನ್ ಸೀಸದ ಗಟ್ಟಿಗಳನ್ನು ಹೇರಿದರು. ಆಮೇಲೆ ಅದೇ ಬದಿಯ ನೆಲದಡಿಯಿಂದ ಓರೆ ಕೊಳವೆಗಳ ಮೂಲಕ ಸ್ವಲ್ಪ ಸ್ವಲ್ಪವೇ ಮಣ್ಣನ್ನು ಹೊರತೆಗೆದು, ವಾಲಿಕೆಯನ್ನು ಸುಮಾರು ಅರ್ಧ ಡಿಗ್ರಿಯಷ್ಟು ತಗ್ಗಿಸಿ, 2001ರ ಡಿಸೆಂಬರಿನಲ್ಲಿ ಮತ್ತೆ ತೆರೆದರು. ಬೀಳುತ್ತಿರುವ ಬದಿಯನ್ನು ಎತ್ತಿ ನಿಲ್ಲಿಸುವ ಬದಲು ಏರಿರುವ ಬದಿಯನ್ನು ತಗ್ಗಿಸುವ ಈ ಉಪಾಯವನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಉತ್ತರ ಬದಿಯ ಹುಲ್ಲಿನ ಮೇಲೆ ನಿಂತು ನೋಡಿದಾಗಲೇ ಅದರ ಧೈರ್ಯ ಎಷ್ಟೆಂಬುದು ಅರಿವಾದದ್ದು.

ಒಳಗೆ ಸುತ್ತು ಮೆಟ್ಟಿಲು ಹತ್ತುವಾಗ ಒಂದು ಬದಿಯಲ್ಲಿ ದೇಹ ಗೋಡೆಯ ಕಡೆಗೆ ಒರಗುತ್ತದೆ, ಇನ್ನೊಂದು ಬದಿಗೆ ಬಂದಾಗ ಗೋಡೆಯಿಂದ ದೂರ ಸರಿಯುತ್ತದೆ. ಇನ್ನೂರೈವತ್ತಕ್ಕೂ ಹೆಚ್ಚು ಅಮೃತಶಿಲೆಯ ಮೆಟ್ಟಿಲುಗಳು ಸವೆದು ತಗ್ಗುಬಿದ್ದಿವೆ; ಜಾರದ ಚಪ್ಪಲಿ ಅಗತ್ಯ. ಅರ್ಧ ಗಂಟೆಯಲ್ಲಿ ಇಳಿದು ಬಂದೆವು.

ಅಷ್ಟರಲ್ಲಿ ಕೆಳಗಿದ್ದವರು ಕಾಂಪೊಸಾಂತೊ ಎಂಬ ಸಮಾಧಿ ಪ್ರಾಂಗಣದ ನೆರಳಿನಲ್ಲಿದ್ದರು. 1944ರ ಜುಲೈ 27ರಂದು ಯುದ್ಧದ ಬೆಂಕಿಗೆ ಅದರ ಸೀಸದ ಛಾವಣಿ ಕರಗಿ ಭಿತ್ತಿಚಿತ್ರಗಳ ಮೇಲೆ ಹರಿಯಿತು. ಉಳಿದದ್ದನ್ನು ಗೋಡೆಯಿಂದ ಬಿಡಿಸುವಾಗ ಅಡಿಯಲ್ಲಿದ್ದ ಮೂಲ ರೇಖಾಚಿತ್ರಗಳು ಬೆಳಕಿಗೆ ಬಂದವು. ಫೋಟೊ ತೆಗೆಯುವವರೆಲ್ಲ ಗೋಪುರದ ಬಳಿ ಕೈಚಾಚಿ ನಿಂತಿರುವುದರಿಂದ ಇಲ್ಲಿ ಜನ ಕಡಿಮೆ. ಕೊನೆಗೆ ಕ್ರೈಸ್ತ ದೀಕ್ಷಾಸ್ನಾನಕ್ಕೆಂದು ಕಟ್ಟಿದ ಬ್ಯಾಪ್ಟಿಸ್ಟರಿ ಎಂಬ ಕಟ್ಟಡಕ್ಕೆ ಹೋದೆವು. ಅಲ್ಲಿನ ಸಿಬ್ಬಂದಿಯೊಬ್ಬರು ಆಗಾಗ ಬಾಗಿಲು ಮುಚ್ಚಿಸಿ, ನಡುವೆ ನಿಂತು ಕೆಲವು ಸ್ವರಗಳನ್ನು ಹಾಡುತ್ತಾರೆ. ವಿಜಯಪುರದ ಗೋಲಗುಮ್ಮಟದಲ್ಲಿ ಕೂಗು ಬಿಡಿಬಿಡಿಯಾಗಿ ಮರಳಿ ಬರುತ್ತದೆ. ಇಲ್ಲಿ ಹಾಗಲ್ಲ, ಹಿಂದಿನ ಸ್ವರ ಅಡಗುವ ಮೊದಲೇ ಮುಂದಿನದು ಅದರೊಡನೆ ಬೆರೆತು, ಒಬ್ಬರೇ ಹಾಡಿದರೂ ಮೇಳವಾಗಿ ಕೇಳುತ್ತದೆ.

3.15ಕ್ಕೆ ಹೊರಟು 4ರ ಸುಮಾರಿಗೆ ಲಿವೋರ್ನೊ ತಲುಪಿದೆವು. ಹಡಗು ಹತ್ತಲು ಉಳಿದಿದ್ದ ಒಂದೂವರೆ ಗಂಟೆ ವ್ಯರ್ಥವಾಯಿತೆಂದು ಭಾವನವರು ಗೊಣಗಿದರು. ನನ್ನ ಪ್ರಕಾರ ಸ್ವಂತ ಏರ್ಪಾಡಿನಲ್ಲಿ ಹೋದವರು ಅಷ್ಟನ್ನು ಕೈಯಲ್ಲಿ ಇಟ್ಟುಕೊಳ್ಳಲೇಬೇಕು.

ಕಾಲಲ್ಲಿ ಕಸುವಿರುವ ಇಬ್ಬರೇ ಹೋಗುವುದಾದರೆ ವ್ಯಾನಿನ ಅಗತ್ಯವಿಲ್ಲ. ಲಿವೋರ್ನೊ ಚೆಂತ್ರಾಲೆ ನಿಲ್ದಾಣದಿಂದ ಪೀಸಾಕ್ಕೆ ರೈಲಿನಲ್ಲಿ ಹದಿನೈದು ಇಪ್ಪತ್ತು ನಿಮಿಷ. ಪೀಸಾದಿಂದ ಲುಕ್ಕಾಕ್ಕೆ ಸುಮಾರು ಅರ್ಧ ಗಂಟೆ. ಲುಕ್ಕಾದ ರೈಲುಗಳು ಪೀಸಾದ ಮುಖ್ಯ ನಿಲ್ದಾಣಕ್ಕಿಂತ ಗೋಪುರಕ್ಕೆ ಹತ್ತಿರವಿರುವ ಸಾನ್ ರೊಸ್ಸೋರೆಯಲ್ಲೂ ನಿಲ್ಲುತ್ತವೆ. ಗೈಡನ್ನು ಲುಕ್ಕಾದಲ್ಲಿ ಎರಡು ಗಂಟೆಗೆ ಮಾತ್ರ ಗೊತ್ತುಮಾಡಿಕೊಂಡರೆ ಸಾಕು. ಇಟಲಿಯಲ್ಲಿ ರೈಲು ಮುಷ್ಕರಗಳನ್ನು ಮುಂಚಿತವಾಗಿಯೇ ಪ್ರಕಟಿಸುತ್ತಾರಾದ್ದರಿಂದ, ಹಡಗು ಲಿವೋರ್ನೊ ಮುಟ್ಟುವ ಹಿಂದಿನ ದಿನ ಅದೊಂದನ್ನು ವಿಚಾರಿಸಿಕೊಂಡಿರಬೇಕು.