ಗುಜರಿ ಫ್ರಿಡ್ಜು, ಮೀನಿನ ತೊಟ್ಟಿ ಹೀಟರು, ಗಂಡಾದ ಹೆಣ್ಣು ನೊಣ: ನನ್ನ ಅನುಭವ

ಸಾಗರದಂಥ ಊರಲ್ಲಿ ಟ್ರಾ-2 ಟಿಎಸ್ ಸ್ಟಾಕ್, ಅಂದರೆ ಲಿಂಗ ನಿರ್ಧರಿಸುವ ಟ್ರಾ-2 ಜೀನ್ ಬಿಸಿಯಲ್ಲಿ ಕೈಕೊಡುವ ಹಣ್ಣಿನ ನೊಣದ (ಡ್ರೋಸೋಫಿಲಾ) ತಳಿ, ಸಾಕೋಕೆ ಆಗಲ್ಲ ಅಂತ ಕೇಳಿದವರೆಲ್ಲ ಹೇಳಿದ್ದರು. ಸಾಕಿದ್ದೇನೆ. ಬರೀ ಸಾಕಿದ್ದಲ್ಲ, ಎರಡು ಎಕ್ಸ್ ಕ್ರೋಮೋಸೋಮ್ ಇರುವ, ಅಂದರೆ ಹೆಣ್ಣಾಗಬೇಕಿದ್ದ ನೊಣಗಳನ್ನು ಸುಮ್ನೆ ಬಿಸಿಯಲ್ಲಿ ಬೆಳೆಸಿ ಗಂಡು ಮಾಡಿ ಬಿಎಸ್ಸಿ ಮಕ್ಕಳಿಗೆ ತೋರಿಸಿದ್ದೇನೆ. ಖರ್ಚು 4,000 ರೂಪಾಯಿ ಆಸುಪಾಸು. ತಾಪಮಾನ ಒಂದೇ ಸಮ ಇಡುವ ಬಿಒಡಿ ಇನ್‌ಕ್ಯುಬೇಟರ್‌ಗೆ ಕೊಟೇಶನ್ ತರಿಸಿದಾಗ 70,000ದ ಮೇಲೆ ಬಂದಿತ್ತು, ಅದೂ ಒಂದಕ್ಕೆ. ನಮಗೆ ಬೇಕಿದ್ದದ್ದು ಎರಡು.

ಹಿನ್ನೆಲೆ ಇಷ್ಟು. ನೊಣದ ಲಿಂಗ ನಿರ್ಧರಿಸುವ ಜೀನ್‌ಗಳು ಸರಪಳಿಯಂತೆ ಕೆಲಸ ಮಾಡುತ್ತವೆ: ಎಸ್‌ಎಕ್ಸ್‌ಎಲ್, ಟ್ರಾ, ಟ್ರಾ-2, ಆಮೇಲೆ ಡಬಲ್‌ಸೆಕ್ಸ್. ಟ್ರಾ-2 ಕೈಕೊಟ್ಟರೆ ಡಬಲ್‌ಸೆಕ್ಸ್ ಆರ್‌ಎನ್‌ಎ ಗಂಡಿನ ರೀತಿಯಲ್ಲಿ ಸ್ಪ್ಲೈಸ್ ಆಗುತ್ತದೆ (ಕತ್ತರಿಸಿ ಜೋಡಣೆಯಾಗುತ್ತದೆ), ಎಕ್ಸ್‌ಎಕ್ಸ್ ಇದ್ದರೂ ಮೈ ಗಂಡಿನದಾಗುತ್ತದೆ. ಜೀನಿನ ಟಿಎಸ್ ರೂಪದಲ್ಲಿ (ಟೆಂಪರೇಚರ್ ಸೆನ್ಸಿಟಿವ್ ಅಲೀಲ್) ಎಕ್ಸ್‌ಎಕ್ಸ್ ನೊಣ 16 ಡಿಗ್ರಿಗೆ ಹೆಣ್ಣು, 29ಕ್ಕೆ ಗಂಡು. ಬೆಲೋಟ್ ಮತ್ತು ಬೇಕರ್ ಎಂಬ ವಿಜ್ಞಾನಿಗಳು 1982ರಲ್ಲೇ ಇದನ್ನು ತೋರಿಸಿದ್ದಾರೆ. ನಾನು ಕಂಡುಹಿಡಿದದ್ದು ಏನೂ ಇಲ್ಲ, ಗುಜರಿ ಸಾಮಾನಿನಲ್ಲಿ ಮಾಡಿದೆ, ಅಷ್ಟೇ.

ಎಲ್ಲರೂ 29ರ ಚಿಂತೆ ಮಾಡುತ್ತಾರೆ. ಪ್ರಾಣ ತಿನ್ನುವುದು 16. ಸ್ಟಾಕ್ ಬಿಸಿಗೆ ಸಿಕ್ಕಿದರೆ ಎಕ್ಸ್‌ಎಕ್ಸ್ ಎಲ್ಲ ಬಂಜೆ ಗಂಡಾಗುತ್ತವೆ, ಎಕ್ಸ್‌ವೈ ಗಂಡುಗಳೂ ಕೆಲಸಕ್ಕೆ ಬರುವುದಿಲ್ಲ, ಯಾಕೆಂದರೆ ವೀರ್ಯ ಆಗುವುದಕ್ಕೂ ಟ್ರಾ-2 ಬೇಕು. ಒಂದೇ ತಲೆಮಾರಿಗೆ ನಿರ್ವಂಶ. ಮೊದಲ ಬೇಸಿಗೆಯಲ್ಲಿ ಆಗಿದ್ದು ಅದೇ. ಥರ್ಮೋಕೋಲ್ ಡಬ್ಬಿಗೆ ಐಸ್ ತುಂಬಿದರೆ ರಾತ್ರಿ 9, ಬೆಳಿಗ್ಗೆ 22. ಆಮೇಲೆ ಮಣ್ಣಿನ ಹರವಿಗೆ ಒದ್ದೆ ಗೋಣಿ ಸುತ್ತಿ ನೋಡಿದೆ. ಮಾರ್ಚಿನಲ್ಲಿ ಪರವಾಗಿಲ್ಲ ಅನ್ನುವಷ್ಟು ತಂಪಾಯಿತು, ಆದರೆ 16 ಎಲ್ಲಿ ಬಂತು. ಜಡಿಮಳೆ ಹಿಡಿದ ಮೇಲೆ ಗೋಣಿ ಆರುವುದೇ ಇಲ್ಲ, ಆರದಿದ್ದರೆ ತಂಪೂ ಇಲ್ಲ, ಬರೀ ಬೂಷ್ಟು. ಮಲೆನಾಡಿನಲ್ಲಿ ಆ ದಾರಿ ಬಿಟ್ಟುಬಿಡಿ. ಸ್ಟಾಕ್ ಮತ್ತೆ ಮತ್ತೆ ತರಿಸಿ ಬಸ್ ಚಾರ್ಜಿಗೇ ಸಾಕಷ್ಟು ಕೈ ಸುಟ್ಟುಕೊಂಡೆ.

ಕೊನೆಗೆ ಗುಜರಿಯವನ ಹತ್ತಿರ ಹಳೇ ಸಿಂಗಲ್ ಡೋರ್ ಫ್ರಿಡ್ಜು ಸಿಕ್ಕಿತು, 1,800 ಕೇಳಿದ, 1,500ಕ್ಕೆ ಕೊಟ್ಟ. ಅದಕ್ಕೆ ಎಸ್‌ಟಿಸಿ-1000 ತಾಪಮಾನ ಕಂಟ್ರೋಲರ್, ಸುಮಾರು 500. ಫ್ರಿಡ್ಜಿನ ಥರ್ಮೋಸ್ಟಾಟ್ ಪೂರ್ತಿ ತಂಪಿನ ಕಡೆಗೆ ತಿರುಗಿಸಿಟ್ಟು, ಪ್ಲಗ್ಗನ್ನು ಕಂಟ್ರೋಲರ್‌ನ ಕೂಲಿಂಗ್ ಸೈಡಿಗೆ ಕೊಡಿ. ಹೀಟಿಂಗ್ ಸೈಡಿಗೆ ಡಬ್ಬಿಯೊಳಗೆ ಒಂದು 15 ವ್ಯಾಟ್ ಬಲ್ಬು, ಡಿಸೆಂಬರ್ ರಾತ್ರಿಗೆ ಬೇಕಾಗುತ್ತದೆ. ಮುಖ್ಯ ವಿಷಯ ಪ್ರೋಬ್, ಅಂದರೆ ಕಂಟ್ರೋಲರ್‌ಗೆ ತಾಪಮಾನ ಅಳೆದು ಕೊಡುವ ತಂತಿಯ ತುದಿ. ಗಾಳಿಯಲ್ಲಿ ನೇತುಹಾಕಿದರೆ ಬಾಗಿಲು ತೆಗೆದಾಗಲೆಲ್ಲ ಕಂಪ್ರೆಸರ್ ಹೊಡೆದುಕೊಳ್ಳುತ್ತದೆ, ಬಾಟಲಿಯೊಳಗಿನ ಲೆಕ್ಕವೇ ಬೇರೆ ಇರುತ್ತದೆ. ನಾನು ನೊಣ ಇಲ್ಲದ ಒಂದು ಬಾಟಲಿಗೆ ಅದೇ ಆಹಾರ ಹಾಕಿ ಪ್ರೋಬನ್ನು ಅದರಲ್ಲೇ ಹುಗಿದಿದ್ದೇನೆ. ಕೆಳಗಿನ ತಟ್ಟೆ ತುಂಬ ನೀರಿನ ಬಾಟಲಿ ಜೋಡಿಸಿದ್ದರಿಂದ ಕರೆಂಟ್ ಹೋದರೂ ನಾಲ್ಕೈದು ಗಂಟೆ ಜಪ್ಪಯ್ಯ ಅನ್ನುವುದಿಲ್ಲ. 16ರಲ್ಲಿ ಮೊಟ್ಟೆಯಿಂದ ನೊಣ ಆಗೋಕೆ ತಿಂಗಳ ಹತ್ತಿರ ಹಿಡಿಯುತ್ತದೆ, ಅವಸರ ಇರುವವರು ಈ ಕೆಲಸಕ್ಕೆ ಬರಬೇಡಿ.

29 ಅಂದರೆ ಮಕ್ಕಳಾಟ. ಮೀನಿನ ತೊಟ್ಟಿ, ಅದರ ಹೀಟರು, ಬಾಟಲಿಗಳನ್ನು ಕುತ್ತಿಗೆವರೆಗೆ ಮುಳುಗಿಸಿ ಮೇಲೆ ಥರ್ಮೋಕೋಲ್ ಮುಚ್ಚಳ. ಹೀಟರ್ ಮೇಲೆ ಬರೆದ ನಂಬರ್ ನಂಬಬೇಡಿ, ನನ್ನದು 27 ಅಂದರೆ 29 ಕೊಡುತ್ತದೆ. ಬೇಸಿಗೆಯಲ್ಲಿ ಕೋಣೆಯೇ 30 ದಾಟುವುದರಿಂದ ಜೂನ್‌ನಿಂದ ಜನವರಿವರೆಗೆ ಮಾತ್ರ ಇದನ್ನು ಮಾಡುತ್ತೇನೆ. ಬಾಟಲಿ ಯಾವುದು ಅಂತ ಕೇಳಬೇಡಿ. ಸರಿ, ಹೇಳುತ್ತೇನೆ: ಕ್ವಾರ್ಟರ್ ಬಾಟಲಿ, ತೊಳೆದು ಕುದಿಸಿದ್ದು. ಪ್ರಿನ್ಸಿಪಾಲರು ಒಂದು ದಿನ ಲ್ಯಾಬಿಗೆ ಬಂದು ಸಾಲಾಗಿ ನಿಂತ ಬಾಟಲಿ ನೋಡಿ ಮಾತಾಡದೆ ವಾಪಸ್ ಹೋದರು.

ಆಹಾರ ಮೈಸೂರು ಕಡೆಯ ಅದೇ ಹಳೇ ಲೆಕ್ಕ: ಲೀಟರ್ ನೀರಿಗೆ ರವೆ 100 ಗ್ರಾಂ, ಬೆಲ್ಲ 100, ಅಗರ್ 10, ಪ್ರೊಪಿಯೋನಿಕ್ ಆಸಿಡ್ 7.5 ಎಂಎಲ್. ಮನೆಯಲ್ಲಿ ಜೋನಿ ಬೆಲ್ಲ ಇತ್ತಲ್ಲ ಅಂತ ಒಂದು ಸಲ ಅದನ್ನೇ ಸುರಿದೆ. ಆಹಾರ ಗಟ್ಟಿಯಾಗಲೇ ಇಲ್ಲ, ಮರಿಗಳು ಮುಳುಗಿ ಸತ್ತವು. ಅಗರ್ ಜಾಸ್ತಿ ಹಾಕಿದರೆ ನಿಲ್ಲುತ್ತದೆ, ಆದರೆ ಅಗರ್ ರೇಟು ಗೊತ್ತಲ್ವಾ? ಉಂಡೆ ಬೆಲ್ಲವೇ ವಾಸಿ. ರಾಗಿ ಹಿಟ್ಟಿನ ಪ್ರಯೋಗವೂ ನಡೆದಿದೆ, ನೊಣ ಚೆನ್ನಾಗಿಯೇ ಬಂದವು, ಆದರೆ ಕಪ್ಪು ಆಹಾರದಲ್ಲಿ ಪ್ಯೂಪಾ ಹುಡುಕಿ ಕಣ್ಣು ಹೋಗುತ್ತದೆ. ಮೈಟ್ (ನುಸಿ) ಕಾಟಕ್ಕೆ ನನ್ನದೇ ಒಂದು ಉಪಾಯ ಇದೆ, ಅದನ್ನು ಮನೆಗೆ ಬಂದವರಿಗೆ ಮಾತ್ರ ಹೇಳುತ್ತೇನೆ.

ಈಗ ಫಲಿತಾಂಶ. 29ರ ಬಾಟಲಿಯಲ್ಲಿ ಎಲ್ಲವೂ ಗಂಡು. ಪ್ರಾಕ್ಟಿಕಲ್‌ಗೆ ಬಂದಿದ್ದ ಎಕ್ಸಾಮಿನರ್ ಒಬ್ಬರು ಕೈಯಾಡಿಸಿ "ಹೊರಗಿನ ಗಂಡು ನುಗ್ಗಿರಬೇಕು, ಮೇಷ್ಟ್ರೇ" ಅಂದರು. ಅದಕ್ಕೆಂದೇ ನಾನು ಗುರುತಿರುವ ಸ್ಟಾಕ್ ಇಟ್ಟುಕೊಂಡಿದ್ದು. ಕಣ್ಣಿನ ಬಣ್ಣ ಬದಲಿಸುವ ಸಿನಬಾರ್, ಬ್ರೌನ್ ಮ್ಯುಟೇಶನ್ ಎರಡೂ ಸೇರಿ ಕಣ್ಣು ಬಿಳಿ, ಹಾಗಾಗಿ ಹೊರಗಿನದು ಬಂದರೆ ಕೆಂಪು ಕಣ್ಣಿಗೇ ಸಿಕ್ಕಿಬೀಳುತ್ತದೆ. ವೈ ಕ್ರೋಮೋಸೋಮ್ ಮೇಲೆ ಬಾರ್ ಗುರುತು, ವೈ ಇದ್ದರೆ ಕಣ್ಣು ಕಿರಿದು. ಈಥರ್ ಕೊಟ್ಟು ಬಿಳಿ ಟೈಲ್ಸ್ ಮೇಲೆ ಸುರುವಿ ಮೈಕ್ರೋಸ್ಕೋಪ್ ಅವರ ಕಡೆ ತಿರುಗಿಸಿದೆ. ಸುಮಾರು ಅರ್ಧದಷ್ಟು ನೊಣಗಳಿಗೆ ಬಿಳಿ ಕಣ್ಣು, ಅಗಲ ಕಣ್ಣು, ಅಂದರೆ ವೈ ಇಲ್ಲ. ಗಾತ್ರ ಹೆಣ್ಣಿನದೇ, ಪಕ್ಕದ ಬಾರ್ ಕಣ್ಣಿನ ಗಂಡಿಗಿಂತ ದಪ್ಪ. ಆದರೆ ಹೊಟ್ಟೆಯ ತುದಿ ಪೂರ್ತಿ ಕಪ್ಪು, ಮುಂಗಾಲಿನಲ್ಲಿ ಸೆಕ್ಸ್ ಕೋಂಬ್ (ಗಂಡಿಗೆ ಮಾತ್ರ ಇರುವ ಬಾಚಣಿಗೆ), ಹತ್ತು ಹನ್ನೊಂದು ಕಪ್ಪು ಹಲ್ಲು ಕಾಲಿನ ಉದ್ದಕ್ಕೆ ಸಾಲಾಗಿ ನಿಂತಿವೆ. ಅವರು ಎರಡು ಸಲ ಫೋಕಸ್ ಮಾಡಿ ನೋಡಿದರು, ಆಮೇಲೆ ಟೀ ಕೇಳಿದರು.

ನಡುವಿನ ತಾಪಮಾನವೂ ಮಜಾ ಇದೆ. ಫ್ರಿಡ್ಜಿನ ಹೊರಗೆ 24-25ರಲ್ಲಿ ಬಿಟ್ಟ ಬಾಟಲಿಯಲ್ಲಿ ಎರಡೂ ಅಲ್ಲದವು ಬಂದವು: ಕೋಂಬಿನ ಹಲ್ಲು ಕಡಿಮೆ, ದಪ್ಪವೂ ಸಾಲದು, ಸಾಲು ಅರ್ಧ ಮಾತ್ರ ತಿರುಗಿ ಓರೆಯಾಗಿ ನಿಂತಿದೆ. ಮರಿಯನ್ನು ಯಾವ ವಯಸ್ಸಿನಲ್ಲಿ 16ರಿಂದ 29ಕ್ಕೆ ಹಾಕಿದರೆ ಕಾಲು ಗಂಡಿನದಾಗಿ ಹಿಂಭಾಗ ಹೆಣ್ಣಿನದಾಗಿ ಉಳಿಯುತ್ತದೆ ಅನ್ನುವುದೂ ನನ್ನ ನೋಟ್‌ಬುಕ್‌ನಲ್ಲಿದೆ, ಸದ್ಯ ಅಲ್ಲೇ ಇರಲಿ.

ಈಗ ನಡೆಯುತ್ತಿರುವುದು ಇನ್ನೊಂದು. 16ರಲ್ಲಿ ಪೂರ್ತಿ ಹೆಣ್ಣಾಗಿ ಹೊರಬಂದ ಎಕ್ಸ್‌ಎಕ್ಸ್ ನೊಣಗಳನ್ನು ದೊಡ್ಡವಾದ ಮೇಲೆ 29ಕ್ಕೆ ಹಾಕಿ ಒಂದು ವಾರ ಬಿಟ್ಟೆ. ಮೈ ಬದಲಾಗುವುದಿಲ್ಲ, ಅದು ಮುಗಿದ ಕಥೆ. ಆದರೆ ಕೆಲವು ಬೇರೆ ಹೆಣ್ಣಿನ ಹಿಂದೆ ಓಡಿ, ಒಂದೇ ರೆಕ್ಕೆ ಚಾಚಿ ನಡುಗಿಸುತ್ತವೆ, ಥೇಟ್ ಗಂಡಿನ ಹಾಗೆ. ಬೆಲೋಟ್ ಮತ್ತು ಬೇಕರ್ ಇದನ್ನೂ 1987ರಲ್ಲಿ ಬರೆದಿದ್ದಾರೆ, ಆದರೂ ಸ್ವಂತ ಕಣ್ಣಲ್ಲಿ ನೋಡುವುದೇ ಬೇರೆ. ಮೊಬೈಲಿನಲ್ಲಿ ವಿಡಿಯೋ ಮಾಡಿದ್ದೇನೆ, ಲೆನ್ಸ್ ಸರಿಯಿಲ್ಲದೆ ಮಸುಕಾಗಿದೆ.

ಸ್ಟಾಕ್ ಬೇಕು ಅನ್ನುವವರಿಗೆ ಕೊಡುತ್ತೇನೆ. ಮೊದಲು ಫ್ರಿಡ್ಜು ಹಾಕಿ, ಒಂದು ವಾರ 16 ನಿಂತಿದೆ ಅಂತ ಫೋಟೋ ಕಳಿಸಿ, ಆಮೇಲೆ ಬನ್ನಿ. ಏಪ್ರಿಲ್, ಮೇ ತಿಂಗಳಲ್ಲಂತೂ ಬಸ್ಸಿನಲ್ಲಿ ಕಳಿಸುವುದಿಲ್ಲ.